ರಂಪಿಗೆ, ಮೌಸು ಇತ್ಯಾದಿ

ನಮ್ಮ ಚಿಕ್ಕೋಡಿ ಸೀಮೆಯಲ್ಲಿ ಕಬ್ಬು ಬಿಟ್ಟರೆ ಹುಲುಸಾಗಿ ಬೆಳೆಯುವುದು ಫ್ಲೆಕ್ಸು. ಕಬ್ಬಿಗಾದರೂ ವರ್ಷ ಕಾಯಬೇಕು. ಫ್ಲೆಕ್ಸು ರಾತ್ರಿ ಬಿತ್ತಿದರೆ ಬೆಳಗಾಗುವುದರೊಳಗೆ ಬಸ್ ಸ್ಟ್ಯಾಂಡಿನ ಎದುರು ಆಳೆತ್ತರ ನಿಂತಿರುತ್ತದೆ. ಅದರೊಳಗೆ ಒಬ್ಬ ಯುವ ನಾಯಕ, ಬಿಳಿ ಅಂಗಿ, ಕಪ್ಪು ಕನ್ನಡಕ, ಕಿವಿಗೆ ಮೊಬೈಲು; ಅವನ ಬೆನ್ನ ಹಿಂದೆ ಹುಲಿ ಇಲ್ಲವೆ ಸಿಂಹ; ಕೆಳಗೆ ಸಾಲಾಗಿ ಶುಭ ಕೋರುವವರ ಪಾಸ್‌ಪೋರ್ಟ್ ಅಳತೆಯ ಮುಖಗಳು. ಪ್ಲಾಸ್ಟಿಕ್ ಫ್ಲೆಕ್ಸನ್ನು ರಾಜ್ಯ ಸರಕಾರ 2016ರಲ್ಲೇ ನಿಷೇಧಿಸಿತು. ಆ ಸುದ್ದಿ ಬೆಂಗಳೂರು ಬಿಟ್ಟದ್ದೇನೋ ನಿಜ, ಗಡಿಭಾಗಕ್ಕೆ ಇನ್ನೂ ಬಂದು ಮುಟ್ಟಿಲ್ಲ. ನನ್ನದೂ ಒಂದು ಪ್ರಿಂಟಿಂಗ್ ಅಂಗಡಿ ಇರುವುದರಿಂದ ಈ ವಿಷಯದಲ್ಲಿ ನಾನು ಬಹಳ ಮಾತಾಡುವುದು ಶೋಭಿಸುವುದಿಲ್ಲ. ಲಗ್ನಪತ್ರಿಕೆ, ಪಾವತಿ ಪುಸ್ತಕ, ಜಾತ್ರೆಯ ಹ್ಯಾಂಡ್‌ಬಿಲ್, ಶ್ರದ್ಧಾಂಜಲಿ: ಹುಟ್ಟಿನಿಂದ ಹನ್ನೆರಡನೆಯ ದಿನದವರೆಗೆ ಊರವರಿಗೆ ಬೇಕಾದದ್ದೆಲ್ಲ ನಮ್ಮಲ್ಲಿ ಸಿಗುತ್ತದೆ.

ಅಂಗಡಿಯ ಡಿಸೈನ್ ಕೆಲಸ ನೋಡಿಕೊಳ್ಳುವವನು ನನ್ನ ಅಣ್ಣನ ಮಗ. ಹುಡುಗ ಚುರುಕು. ಆದರೆ ಅವನ ಮಾತೆಲ್ಲ ಹೊಸ ಕಂಪ್ಯೂಟರಿನ ಸುತ್ತಲೇ ತಿರುಗುತ್ತದೆ. ‘ಕಾಕಾ, ಈ ಮಷೀನಿನ್ಯಾಗ ಏನೂ ಆಗಂಗಿಲ್ಲ. ಸಾಂಗ್ಲಿ ಹುಡುಗ್ರು ಎಂಥಾ ಎಂಥಾ ಡಿಸೈನ್ ಮಾಡಾಕತ್ತಾರ ನೋಡ್ರಿ’ ಎಂದು ಮೊಬೈಲು ಮುಖಕ್ಕೆ ಹಿಡಿಯುತ್ತಾನೆ. ನಾನು ನೋಡುತ್ತೇನೆ. ಅಲ್ಲಿಯೂ ಒಬ್ಬ ಯುವ ನಾಯಕ, ಒಂದು ಹುಲಿ. ಹುಲಿಯ ಮೀಸೆ ಒಂದೊಂದೂ ಎಣಿಸುವಷ್ಟು ಸ್ಪಷ್ಟ, ಅಷ್ಟೇ ವ್ಯತ್ಯಾಸ. ‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ’ ಎಂದು ಗಾದೆ ಎಸೆದು ನಾನು ಕಿಸೆ ಉಳಿಸಿಕೊಳ್ಳುತ್ತೇನೆ. ಗಾದೆಗಳಿಂದ ಇಂಥ ಉಪಕಾರ ಬಹಳ ಇದೆ. ರೊಕ್ಕ ಕೊಡುವ ಪ್ರಸಂಗ ಬಂದಾಗ ಹಿರಿಯರ ಬಾಯಿಗೆ ತಾವಾಗಿಯೇ ಬರುತ್ತವೆ.

ಈ ಗಾದೆ ಹೇಳಲು ನನಗೆ ಅಪ್ಪನ ಪ್ರೆಸ್ಸಿನ ಬಲವಿತ್ತು. ಅಪ್ಪನದು ಕಾಲಿನಿಂದ ತುಳಿಯುವ ಟ್ರೆಡಲ್. ಗೋಡೆಗುಂಟ ಮರದ ಕೇಸುಗಳು, ಅವುಗಳ ಮನೆಮನೆಯಲ್ಲಿ ಸೀಸದ ಮೊಳೆಗಳು. ಕನ್ನಡದ ಮೊಳೆ ಜೋಡಿಸುವುದು ಇಂಗ್ಲಿಷಿನಂತೆ ಇಪ್ಪತ್ತಾರರಲ್ಲಿ ಮುಗಿಯುವ ಬಾಬತ್ತಲ್ಲ. ಗುಣಿತಕ್ಕೊಂದು ಮೊಳೆ, ಒತ್ತಿಗೊಂದು ಮೊಳೆ. ಲಗ್ನದ ಹಂಗಾಮಿನಲ್ಲಿ ನಾಲ್ಕಾರು ಪತ್ರಿಕೆ ಒಟ್ಟಿಗೆ ಜೋಡಣೆಗೆ ಬಿದ್ದರೆ ಕೆಲವು ಮನೆ ಬರಿದಾಗುತ್ತಿದ್ದವು. ಜ್ಞ ತೀರಿತೆಂದರೆ ಅಪ್ಪ ಬೆಳಗಾವಿಗೆ ಓಡುತ್ತಿರಲಿಲ್ಲ. ‘ವಿಜ್ಞಾಪಿಸಿಕೊಳ್ಳುತ್ತೇವೆ’ ಎಂದಿದ್ದಲ್ಲಿ ‘ಬೇಡಿಕೊಳ್ಳುತ್ತೇವೆ’ ಎಂದು ಕೂಡಿಸಿಬಿಡುತ್ತಿದ್ದರು. ಸಾಲು ಚಿಕ್ಕದಾಯಿತು, ಎರಡೂ ಬದಿ ಜಾಗ ಬಿಟ್ಟಿತು, ಪತ್ರಿಕೆ ನೋಡಲು ಚಂದವೂ ಆಯಿತು. ಬೀಗರು ಬಂದು, ‘ನಮ್ಮ ಪತ್ರಿಕೆಯಾಗ ಮಾತು ಭಾಳ ಮೃದು ಅದಾವ್ರಿ’ ಎಂದು ಹೊಗಳಿ ಹೋಗುತ್ತಿದ್ದರು. ನಮ್ಮೂರ ಲಗ್ನಪತ್ರಿಕೆಯ ಭಾಷೆಯನ್ನು ತಿದ್ದಿದ್ದು ಯಾವ ಸಾಹಿತ್ಯ ಪರಿಷತ್ತೂ ಅಲ್ಲ, ಮೊಳೆಯ ಕೊರತೆ.

ನನ್ನ ಗಾದೆಗೆ ಬಲ ಕೊಟ್ಟ ಇನ್ನೊಬ್ಬರು ನಿಪ್ಪಾಣಿಯ ಪೇಂಟರ್ ಮಾಮಾ. ತಂಬಾಕಿನ ವಖಾರಿಗಳ ಗೋಡೆ, ಕಿರಾಣಿ ಅಂಗಡಿಯ ಬೋರ್ಡು, ಟ್ರಕ್ಕಿನ ಹಿಂಬದಿ ಎಲ್ಲ ಅವರ ಕೈಯವೇ. ಚೀಲದಲ್ಲಿ ಕೆಲವು ಬ್ರಶ್ಶು, ಒಂದು ದಾರದುಂಡೆ, ಒಂದು ಪುಡಿಕೆಯಲ್ಲಿ ಸುಣ್ಣದ ಪುಡಿ. ದಾರಕ್ಕೆ ಪುಡಿ ಸವರಿ, ಎರಡೂ ತುದಿ ಬಿಗಿಯಾಗಿ ಹಿಡಿಸಿ, ನಡುವೆ ಎಳೆದು ಬಿಟ್ಟರೆ ಗೋಡೆಯ ಮೇಲೆ ಕೂದಲಿನಂಥ ಗೆರೆ ಏಳುತ್ತಿತ್ತು. ಮರಾಠಿ ಬರೆಯುವಾಗ ಆ ಗೆರೆಗೆ ಅಕ್ಷರ ಜೋತುಬೀಳುತ್ತಿದ್ದವು, ಕನ್ನಡ ಬರೆಯುವಾಗ ಅದೇ ಗೆರೆಯ ಮೇಲೆ ಕೂಡುತ್ತಿದ್ದವು. ಗಡಿಯೂರಿನ ಬೋರ್ಡಿನಲ್ಲಿ ಎರಡೂ ಬೇಕು. ಕರ್ನಾಟಕದಲ್ಲಿ ಕನ್ನಡ ಮೇಲಿರಬೇಕು. ಆದರೆ ಕನ್ನಡದ ಒತ್ತು ಕೆಳಗೆ ಇಳಿಯುತ್ತದೆ, ಮರಾಠಿಯ ಮಾತ್ರೆ ಮೇಲಕ್ಕೆ ಏಳುತ್ತದೆ. ಎರಡು ಸಾಲನ್ನೂ ಒತ್ತಿ ಬರೆದರೆ ನಟ್ಟನಡುವೆ ಕೊಂಬಿಗೆ ಕೊಂಬು ತಾಗುತ್ತದೆ. ಮಾಮಾ ಅಲ್ಲಿ ಎರಡು ಬೆರಳು ಹೆಚ್ಚಿಗೆ ಜಾಗ ಬಿಡುತ್ತಿದ್ದರು. ‘ಜಗಳ ಅಕ್ಷರದಾಗ ಇಲ್ಲೋ ತಮ್ಮಾ, ನಡುವ ಜಾಗಾ ಬಿಡದಿದ್ರ ಹತ್ತತೈತಿ’ ಎಂದು ಬೀಡಿ ಹಚ್ಚುತ್ತಿದ್ದರು. 1956ರಿಂದ ಈಚೆಗೆ ಈ ಗಡಿಯ ಬಗ್ಗೆ ಎಷ್ಟೋ ಆಯೋಗದ ವರದಿ, ಎಷ್ಟೋ ಭಾಷಣ ಬಂದುಹೋಗಿವೆ. ಎರಡು ಬೆರಳಿನ ಈ ಪರಿಹಾರ ಯಾವುದರಲ್ಲೂ ಕಾಣಲಿಲ್ಲ.

ಕೋರೆಲ್‌ಡ್ರಾ 1989ರಲ್ಲಿ ಕೆನಡಾದಲ್ಲಿ ಹುಟ್ಟಿತು, ಫೋಟೋಶಾಪ್ ಮರುವರ್ಷ ಅಮೆರಿಕದಲ್ಲಿ. ನಮ್ಮ ಕಡೆ ಬರಲು ಅವಕ್ಕೆ ಹತ್ತು ಹನ್ನೆರಡು ವರ್ಷ ಹಿಡಿಯಿತು. ಬಂದವು ನೋಡಿ, ಮೊಳೆಯ ಬರಗಾಲ ಒಂದೇ ದಿನಕ್ಕೆ ಮುಗಿಯಿತು. ಎಷ್ಟು ಬೇಕೋ ಅಷ್ಟು ಜ್ಞ. ಬಣ್ಣ ಲಕ್ಷಗಟ್ಟಲೆ. ಅಕ್ಷರಕ್ಕೆ ನೆರಳು, ನೆರಳಿಗೆ ಹೊಳಪು, ಹೊಳಪಿಗೆ ಇನ್ನೊಂದು ನೆರಳು. ಸೌಲಭ್ಯ ಹೆಚ್ಚಿದ ಮೇಲೆ ಬೋರ್ಡುಗಳು ತರತರವಾಗಿ ಬರಬೇಕಿತ್ತಲ್ಲ? ಆದದ್ದು ತಿರುವುಮುರುವು. ನಿಪ್ಪಾಣಿಯ ಫ್ಲೆಕ್ಸಿಗೂ ರಾಯಬಾಗದ ಫ್ಲೆಕ್ಸಿಗೂ ಹೆಸರು ಮುಚ್ಚಿದರೆ ಗುರುತು ಸಿಗದು. ಕಾರಣ ಸರಳ. ಅಪ್ಪನಿಗೆ ಮೊಳೆ ತೀರಿದಾಗ ಕೂತು ಯೋಚಿಸಲೇಬೇಕಾಗಿತ್ತು. ನನ್ನ ಅಣ್ಣನ ಮಗನಿಗೆ ಯಾವುದೂ ತೀರುವುದಿಲ್ಲ. ಯಾರೋ ಮಾಡಿಟ್ಟ ಫೈಲು ತೆರೆದು ಮುಖ ಬದಲಿಸಿದರೆ ಕೆಲಸ ಆಗುತ್ತದೆ. ಒಮ್ಮೆ ಮುಖ ಬದಲಿಸಿದ್ದ, ಹಳೇ ನಾಯಕನ ಕೈಗಡಿಯಾರ ಹಾಗೇ ಉಳಿದಿತ್ತು. ಹೊಸ ನಾಯಕರು ಅದನ್ನು ನೋಡಿ ಸಿಟ್ಟಾಗಲಿಲ್ಲ, ಅಂಥದೇ ಗಡಿಯಾರ ಕೊಂಡುಬಿಟ್ಟರು.

ಕಡಿಮೆ ಸಾಮಾನಿನಲ್ಲಿ ದೊಡ್ಡ ಡಿಸೈನ್ ನೋಡಬೇಕೆಂದರೆ ಅಥಣಿಗೆ ಹೋಗಬೇಕು. ಜಗತ್ತು ಕೊಲ್ಹಾಪುರಿ ಎಂದು ಕರೆಯುವ ಚಪ್ಪಲಿ ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದ ಓಣಿಗಳಲ್ಲಿ ತಲೆತಲಾಂತರದಿಂದ ಆಗುತ್ತ ಬಂದಿದೆ. ಮಾರಿಕೊಂಡ ಪೇಟೆಯ ಹೆಸರು ಚಪ್ಪಲಿಗೆ ನಿಂತಿತು, ಮಾಡಿದ ಊರಿನದು ನಿಲ್ಲಲಿಲ್ಲ. 2019ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಸೇರಿದವು. ನೆಲಕ್ಕಾಗಿ ಕೋರ್ಟು ಹತ್ತಿದ ಎರಡು ರಾಜ್ಯಗಳು ಚಪ್ಪಲಿಯಲ್ಲಿ ಮಾತ್ರ ಜೋಡಿಯಾಗಿವೆ.

ಅಥಣಿಯ ಒಂದು ಮನೆಯ ಪಡಸಾಲೆಗೆ ಹುಡುಗನನ್ನು ಕರೆದುಕೊಂಡು ಹೋಗಿದ್ದೆ. ಗೋಡೆಯ ಮೇಲೆ ಅಂಬೇಡ್ಕರ್ ಮತ್ತು ಸಮಗಾರ ಹರಳಯ್ಯನವರ ಪಟ. ನೆಲದ ಮೇಲೆ ಕೂತ ಹಿರಿಯರ ಎದುರು ಒಂದು ಕಲ್ಲು. ಬಲಕ್ಕೆ ತೊಗಲು ಕೊಯ್ಯುವ ರಂಪಿಗೆ, ತೂತು ಹಾಕುವ ಆರಿ, ಬಡಿಯುವ ಕೊಡತಿ. ಸಾಮಾನು ಮುಗಿಯಿತು. ಜಾಲಿ ಚಕ್ಕೆ, ಅಳಲೆಕಾಯಿಯ ನೀರಿನಲ್ಲಿ ಹದವಾದ ಎಮ್ಮೆಯ ತೊಗಲನ್ನು ಅವರು ನೆನೆಸಿ, ಹಾಸಿ, ಅಂಗೈ ಆಡಿಸಿದರು. ಬೆನ್ನಿನ ಭಾಗ ಬಿಗಿ, ಅಟ್ಟೆಗೆ ಅದು; ಹೊಟ್ಟೆಯ ಭಾಗ ಎಳೆದರೆ ಹಿಗ್ಗುತ್ತದೆ, ಅದನ್ನು ಬೇರೆ ಕಡೆ ಬಳಸಬೇಕು. ಬೇಲಿಯ ಮುಳ್ಳು ಗೀರಿದ ಕಲೆ, ಉಣ್ಣಿ ಕಚ್ಚಿದ ತೂತು, ಎಂದೋ ಎಳೆದ ಬರೆ, ಒಂದೊಂದರ ಹತ್ತಿರವೂ ಬೆರಳು ನಿಂತು ಮುಂದೆ ಹೋಗುತ್ತಿತ್ತು. ಆಮೇಲೆ ರಂಪಿಗೆ ಇಳಿಯಿತು. ಕಲೆ ಅಟ್ಟೆಯ ಒಳಪದರಿಗೆ ಹೋಯಿತು, ನುಣುಪು ಮೇಲೆ ಬಂತು. ಎರಡು ಅಟ್ಟೆಯ ನಡುವೆ ಉಳಿದ ಸಂದಿಯಲ್ಲಿ ಉಂಗುಟದ ಪಟ್ಟಿ ಬಂತು. ಕೊನೆಗೆ ಕೆಳಗೆ ಬಿದ್ದದ್ದು ಒಂದು ಹಿಡಿ ಚೂರು, ಅದನ್ನೂ ಗುಡಿಸದೆ ಬದಿಗೆ ಸರಿಸಿಟ್ಟರು. ‘ಕಂಪ್ಯೂಟರಿನ್ಯಾಗ ಇದಕ್ಕ ನೆಸ್ಟಿಂಗ್ ಅಂತಾರ್ರಿ ಅಜ್ಜಾರ, ಸಾಫ್ಟ್‌ವೇರ್ ಬರತೈತಿ’ ಎಂದ ನಮ್ಮ ಹುಡುಗ. ಅವರು ತಲೆ ಎತ್ತದೆ, ‘ತೊಗಲಿಗೆ ಕೈಯಿಂದ ರೊಕ್ಕಾ ಕೊಟ್ಟಿರ್ತೀವಲ್ಲಪಾ, ಕಣ್ಣು ತಾವ ತೆರೀತಾವ’ ಎಂದರು.

ಒಳಗೆ ಹೆಂಗಸರು ಮೇಲಿನ ಪಟ್ಟಿ ಹೆಣೆಯುತ್ತಿದ್ದರು. ಆಡಿನ ತೊಗಲನ್ನು ದಾರದಷ್ಟು ತೆಳ್ಳಗೆ ಸೀಳಿ, ಮೂರೆಳೆ ಸೇರಿಸಿ ಜಡೆ ಹಾಕಿದಂತೆ ಹೆಣೆಯುವ ಕೆಲಸ. ಹೊಲಿಗೆಯೂ ತೊಗಲಿನ ಎಳೆಯಿಂದಲೇ. ಸಾಂಪ್ರದಾಯಿಕ ಜೋಡಿಯಲ್ಲಿ ಕಬ್ಬಿಣದ ಮೊಳೆ ಇರುವುದಿಲ್ಲ. ಹಾಗಾಗಿ ಹೊಲದ ಕೆಸರಿನಲ್ಲಿ ತುಕ್ಕು ಹಿಡಿಯುವ ಮಾತಿಲ್ಲ, ಸವೆದರೆ ಎಳೆ ಬಿಚ್ಚಿ ಅಟ್ಟೆ ಬದಲಿಸಬಹುದು. ಹಳೆಯ ಕಾಲದ ರೈತನ ಜೋಡು ಇಂದಿನ ಷೋಕಿಯ ಚಪ್ಪಲಿಯಂತೆ ಹಗುರವಾಗಿರಲಿಲ್ಲ. ಜಾಲಿಮುಳ್ಳು ನಾಟಬಾರದೆಂದು ಪದರಿನ ಮೇಲೆ ಪದರು. ಅಟ್ಟೆಗಳ ನಡುವೆ ಏನೋ ಕರಾಮತ್ತು ಮಾಡಿ ನಡೆದಾಗ ‘ಕರ್ ಕರ್’ ಎನ್ನುವಂತೆ ಮಾಡುವುದೂ ಇತ್ತು. ಕತ್ತಲೆಯ ಬದುವಿನಲ್ಲಿ ಹಾವು ಸರಿದುಹೋಗಲಿ ಎಂದು ಕೆಲವರು ಹೇಳುತ್ತಾರೆ. ಚಿಂಚಲಿ ಮಾಯಕ್ಕನ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಹೋಗುವ ಗಂಡಸರನ್ನು ಕಂಡವರಿಗೆ ಬೇರೆ ಕಾರಣವೂ ಗೊತ್ತು: ತಾನು ಬಂದೆನೆಂದು ಮಂದಿಗೆ ತಿಳಿಯಬೇಕಲ್ಲ! ಆಗ ಫ್ಲೆಕ್ಸು ಇರಲಿಲ್ಲ.

ಹೊಸ ಜೋಡು ಮೊದಲು ಕಚ್ಚುತ್ತದೆ. ಔಡಲೆಣ್ಣೆ ಹಚ್ಚಿ, ಮನೆಯಲ್ಲಿ ನಾಲ್ಕು ದಿನ ಮೆಟ್ಟಿ ಓಡಾಡಿದರೆ ತೊಗಲು ಕಾಲಿನ ಮಾತು ಕೇಳತೊಡಗುತ್ತದೆ. ಹೆಬ್ಬೆರಳಿನ ಗುಳಿ ಬೀಳುತ್ತದೆ, ಹಿಮ್ಮಡಿ ತನ್ನ ಜಾಗ ಮಾಡಿಕೊಳ್ಳುತ್ತದೆ. ಆಮೇಲೆ ಅದನ್ನು ಗುಡಿಯ ಎದುರು ಬಿಟ್ಟರೂ ನೂರು ಜೋಡಿಯ ನಡುವೆ ಕಾಲು ತಾನೇ ಹುಡುಕಿಕೊಳ್ಳುತ್ತದೆ. ಮಾಡುವವನು ಮುಗಿಸದೆ ಬಿಟ್ಟ ಒಂದು ಪಾಲನ್ನು ತೊಡುವವನು ಮುಗಿಸುತ್ತಾನೆ. ಡಿಸೈನ್ ಕಾಲೇಜಿನಲ್ಲಿ ಇದಕ್ಕೆ ದೊಡ್ಡ ಹೆಸರು ಇದ್ದೀತು.

ಸಾಮಾನಿನಿಂದಲೇ ಡಿಸೈನ್ ಹುಟ್ಟುವ ಇನ್ನೊಂದು ಕಡೆ ಕಾಗವಾಡದ ಮಗ್ಗುಲಿಗೇ ಇದೆ. ರಾಯಬಾಗದಲ್ಲಿ ರೈಲು ಹತ್ತಿದರೆ ಚಿಂಚಲಿ, ಕುಡಚಿ, ಉಗಾರ, ಶೇಡಬಾಳ ದಾಟಿ ಮಿರಜ. ಅಲ್ಲಿನ ಸಿತಾರ್ ಮಾಡುವ ಮನೆತನಗಳು ಮೂಲತಃ ಶಿಕಲಗಾರರು, ಆಯುಧ ಹರಿತ ಮಾಡುವವರು. ಹತ್ತೊಂಬತ್ತನೆಯ ಶತಮಾನದ ನಡುವೆ ಕತ್ತಿಯ ಕೆಲಸ ಕಡಿಮೆಯಾಯಿತು. ಫರೀದಸಾಹೇಬರೆಂಬವರು ತಂಬೂರಿ ದುರಸ್ತಿಗೆ ಕೈ ಹಾಕಿ, ಮುಂದೆ ತಾವೇ ಮಾಡತೊಡಗಿದರು. 2024ರಲ್ಲಿ ಮಿರಜದ ಸಿತಾರ್ ತಂಬೂರಿಗಳಿಗೂ ಭೌಗೋಳಿಕ ಸೂಚಿಕೆ ಬಂತು. ತಂಬೂರಿಗೆ ಬುರುಡೆ ಬರುವುದು ಸೊಲ್ಲಾಪುರ ಜಿಲ್ಲೆಯ ಹೊಲಗಳಿಂದ. ಯಾವ ಬುರುಡೆ ಗಂಡಸಿನ ತಂಬೂರಿಗೆ, ಯಾವುದು ಹೆಣ್ಣುದನಿಗೆ ಎಂಬುದನ್ನು ಬೆಳೆದ ಕಾಯಿಯ ಗಾತ್ರ ನಿರ್ಧರಿಸುತ್ತದೆ. ಬಳ್ಳಿಗೆ ನಕ್ಷೆ ಕೊಟ್ಟು ಇಂತಿಷ್ಟೇ ಬೆಳೆ ಎನ್ನಲು ಬರುವುದಿಲ್ಲ. ಕೊನೆಗೆ ತಂತಿ ಹಾಯುವ ಕುದುರೆಯನ್ನು ಸಣ್ಣಗೆ ಉಜ್ಜುತ್ತ, ಮೀಟುತ್ತ, ಮತ್ತೆ ಉಜ್ಜುತ್ತ ನಾದ ಬಿಡಿಸುತ್ತಾರೆ. ಅಳತೆಗೋಲು ಅವರ ಕಿವಿ.

ಇಲ್ಲಿಗೆ ನಿಲ್ಲಿಸಿದ್ದರೆ ಪ್ರಬಂಧ ಚಂದವಾಗಿ ಮುಗಿಯುತ್ತಿತ್ತು: ಉಪಕರಣ ಮುಖ್ಯವಲ್ಲ, ಕಣ್ಣು ಕೈ ಮುಖ್ಯ. ಓದಿದವರು ಹೌದಪ್ಪಾ ಹೌದು ಎಂದು ತಲೆದೂಗಿ ಮಗ್ಗುಲಾಗುತ್ತಿದ್ದರು. ಆದರೆ ಅದೇ ರೈಲು ಮಿರಜದಿಂದ ಪುಣೆಯ ಕಡೆ ಹೊರಟರೆ ಕಿರ್ಲೋಸ್ಕರವಾಡಿ ಬರುತ್ತದೆ, ಅದು ನನ್ನ ಗಾದೆಗೆ ಅಡ್ಡ ಮಲಗಿದೆ. ಲಕ್ಷ್ಮಣರಾವ್ ಕಿರ್ಲೋಸ್ಕರರು 1869ರಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. ಚಿತ್ರಕಲೆ ಕಲಿಯಲು ಮುಂಬಯಿಯ ಜೆ. ಜೆ. ಸ್ಕೂಲಿಗೆ ಹೋದರು. ಬಣ್ಣಗಳ ಗುರುತು ಅವರ ಕಣ್ಣಿಗೆ ಪೂರ್ತಿ ಹತ್ತುತ್ತಿರಲಿಲ್ಲ. ಚಿತ್ರ ಬಿಟ್ಟು ಯಂತ್ರಗಳ ನಕ್ಷೆ ಬರೆಯುವ ಕಡೆ ತಿರುಗಿದರು. ಮುಂದೆ ಬೆಳಗಾವಿಯಲ್ಲಿ ಸೈಕಲ್ ಅಂಗಡಿ, ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು. 1910ರಲ್ಲಿ ಕಾರಖಾನೆಯ ಊರೇ ಎದ್ದಿತು. ಕಬ್ಬಿಣ ತಾಗಿದರೆ ನೆಲ ವಿಷವಾಗುತ್ತದೆಂದು ಮೊದಮೊದಲು ರೈತರು ಆ ನೇಗಿಲನ್ನು ಮುಟ್ಟಲಿಲ್ಲವಂತೆ. ಕಿರ್ಲೋಸ್ಕರರು ಮರದ ನೇಗಿಲು ಹಿಡಿದ ರೈತನ ಜಾಣತನವನ್ನು ಹಾಡಿ ಹೊಗಳಿ ಕೂಡಲಿಲ್ಲ. ಎರೆಹೊಲದಲ್ಲಿ ಅವನ ಎತ್ತು ಏದುಸಿರು ಬಿಡುವುದನ್ನು ನೋಡಿ ಹೊಸ ಸಾಧನ ಮಾಡಿದರು.

ನೆಲ ನಿಜವಾಗಿಯೂ ಡೊಂಕಾಗಿದ್ದರೆ? ಗಾದೆ ಇದಕ್ಕೆ ಉತ್ತರ ಕೊಡುವುದಿಲ್ಲ. ಕುಣಿಯುವವಳನ್ನು ಕಂಡು ನಗುತ್ತದೆಯೇ ಹೊರತು ನೆಲವನ್ನು ಯಾರೂ ಬಗ್ಗಿ ನೋಡುವುದಿಲ್ಲ. ಅಥಣಿಯ ಆ ಮನೆಯಲ್ಲಿ ಜಡೆ ಹೆಣೆಯುತ್ತಿದ್ದ ಅವ್ವ ಒಬ್ಬರು ಕೈ ಮುಂದೆ ಚಾಚಿ ತೋರಿಸಿದರು. ಎಳೆ ಎಳೆದೆಳೆದು ತೋರುಬೆರಳಿನ ಚರ್ಮ ಸೀಳಿ ಗಟ್ಟಿಯಾಗಿತ್ತು. ‘ಸಂಜೀ ಆತಂದ್ರ ಸೊಂಟಾ ಏಳಂಗಿಲ್ರಿ. ಕಣ್ಣಿಗೂ ಮೊದಲಿನಂಗ ಕಾಣಂಗಿಲ್ಲ’ ಎಂದರು. ನಾನು ಅದುವರೆಗೆ ಅವರ ಹೆಣಿಕೆಯ ನಾಜೂಕು ನೋಡುತ್ತಿದ್ದೆ. ಆ ಪಡಸಾಲೆಯಲ್ಲಿ ಇದ್ದದ್ದು ಒಂದೇ ಕಿಟಕಿ. ಒಂದು ಒಳ್ಳೆಯ ದೀಪ, ಕೂಡಲು ಎತ್ತರದ ಪೀಠ, ತೊಗಲನ್ನು ಒಂದೇ ಅಗಲಕ್ಕೆ ಸೀಳುವ ಸಣ್ಣ ಯಂತ್ರ ಇಷ್ಟು ಬಂದರೆ ಆ ಕಲೆ ಕೆಡುವುದೆಂದು ಹೇಳುವವರು ಒಂದು ವಾರ ಅಲ್ಲಿ ಕೂತು ಹೆಣೆಯಬೇಕು.

ಇಂಥದನ್ನು ಮಾಡಿ ನೋಡಿದವರೂ ಇದ್ದಾರೆ. ಹಿಂದಿನ ಶತಮಾನ ಮುಗಿಯುವ ಹೊತ್ತಿಗೆ ಬೆಂಗಳೂರಿನ ಅಸೆಂಟ್ ಸಂಸ್ಥೆಯ ಮಧುರಾ ಛತ್ರಪತಿ ಅವರು ಅಥಣಿಯ ಕುಶಲಕರ್ಮಿ ಮಹಿಳೆಯರ ಸ್ವಸಹಾಯ ಗುಂಪುಗಳನ್ನು ಕಟ್ಟಿ ‘ಟೋಹೋಲ್ಡ್’ ಎಂಬ ಹೆಸರಿನಲ್ಲಿ ಒಂದುಗೂಡಿಸಿದರು. ಅಲ್ಲಿಯತನಕ ವ್ಯಾಪಾರಿ ಕೊಟ್ಟ ತೊಗಲಿಗೆ ಕೂಲಿ ಮಾಡುತ್ತಿದ್ದವರು ಅಳತೆ, ಬಣ್ಣ, ಲೆಕ್ಕ ಎಲ್ಲ ಕಲಿತರು, ಮಾಲು ಹೊರದೇಶಕ್ಕೆ ಹೋಯಿತು. ಪರದೇಶದ ಪೇಟೆಗೆ ಕಳಿಸಬೇಕೆಂದರೆ ಎಡಬಲ ಜೋಡಿ ಒಂದೇ ಸಮ ಇರಬೇಕು, ಇವತ್ತಿನ ಏಳು ನಂಬರು ನಾಳೆಯೂ ಏಳೇ ಆಗಿರಬೇಕು. ಅದಕ್ಕೆ ಫರ್ಮಾ ಬೇಕು. ಕಣ್ಣಳತೆ ಎಷ್ಟು ಖರೆ ಇದ್ದರೂ ಸಾವಿರ ಜೋಡಿಯ ಆರ್ಡರಿಗೆ ಅದೊಂದೇ ಸಾಕಾಗುವುದಿಲ್ಲ. ಫರ್ಮಾ ಬಂದ ಮೇಲೂ ತೊಗಲಿನ ಕಲೆ ಹುಡುಕುವ ಬೆರಳು ಬೆರಳೇ. ಯಾವುದನ್ನು ಯಂತ್ರಕ್ಕೆ ಬಿಡಬೇಕು, ಯಾವುದನ್ನು ಕೈಯಲ್ಲಿ ಉಳಿಸಿಕೊಳ್ಳಬೇಕು ಎಂಬ ನಿರ್ಧಾರ ಮಾಡುವವರದಾಗಿರಬೇಕು. ಹೊರಗೆ ನಿಂತು ಹೊಗಳುವ ನಮ್ಮಂಥವರದಲ್ಲ.

2025ರ ಜೂನ್‌ನಲ್ಲಿ ಇಟಲಿಯ ಮಿಲಾನ್‌ನಲ್ಲಿ ಪ್ರಾಡಾ ಕಂಪನಿ ತನ್ನ ಗಂಡಸರ ಉಡುಪಿನ ಪ್ರದರ್ಶನ ಮಾಡಿತು. ರೂಪದರ್ಶಿಗಳ ಕಾಲಲ್ಲಿ ನಮ್ಮ ಉಂಗುಟದ ಚಪ್ಪಲಿ! ಕೊಲ್ಹಾಪುರದ ಹೆಸರಿಲ್ಲ, ಅಥಣಿಯ ಹೆಸರು ದೂರವೇ ಉಳಿಯಿತು. ಗದ್ದಲವೆದ್ದಿತು. ಮಹಾರಾಷ್ಟ್ರದವರು ಕೊಲ್ಹಾಪುರದ ಪರ ನಿಂತರು. ನಮ್ಮ ಸಚಿವ ಪ್ರಿಯಾಂಕ್ ಖರ್ಗೆ ಅವರು, ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದ ಕುಶಲಕರ್ಮಿಗಳನ್ನೂ ಮರೆಯಬೇಡಿ ಎಂದರು. ಕೊನೆಗೆ ಕಂಪನಿ ಮೂಲವನ್ನು ಒಪ್ಪಿಕೊಂಡಿತು. ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಲಿಡ್‌ಕಾಮ್, ಕರ್ನಾಟಕದ ಲಿಡ್ಕರ್ ಚರ್ಮೋದ್ಯಮ ನಿಗಮಗಳ ಜೊತೆ ಒಪ್ಪಂದವಾಗಿ, ಎರಡೂ ರಾಜ್ಯಗಳಲ್ಲಿ 2,000 ಜೋಡಿ ಮಾಡಿಸಿ ಒಂದಕ್ಕೆ ಸುಮಾರು 800 ಯೂರೋದಂತೆ ಮಾರುವುದೆಂದು ಪ್ರಕಟವಾಯಿತು. ಪ್ರಾಡಾದವರ ಹತ್ತಿರ ಜಗತ್ತಿನ ಎಲ್ಲ ಉಪಕರಣಗಳೂ ಇವೆ, ಕಲಿತ ಡಿಸೈನರುಗಳೂ ಇದ್ದಾರೆ. ಅಷ್ಟೆಲ್ಲ ಇದ್ದೂ ಅವರು ಬಂದು ನಿಂತದ್ದು ರಂಪಿಗೆ, ಆರಿ, ಕೊಡತಿ, ಕಲ್ಲಿನ ಎದುರು. ಇತ್ತ ಅಥಣಿಯವರಿಗೆ ಇಲ್ಲದ್ದು ಕಲ್ಪನೆಯಲ್ಲ. ಮಿಲಾನಿನ ವೇದಿಕೆ, ಅಂಗಡಿ, ಹೆಸರು. ಅವೂ ಉಪಕರಣಗಳೇ, ಚೀಲದಲ್ಲಿ ಹಾಕಿಕೊಂಡು ಹೋಗಲು ಬರುವುದಿಲ್ಲ ಅಷ್ಟೆ.

ಅಥಣಿಯಿಂದ ತಿರುಗಿ ಬರುವಾಗ ಬಸ್ಸಿನಲ್ಲಿ ಹುಡುಗ ಮತ್ತೆ ಕಂಪ್ಯೂಟರಿನ ಮಾತು ತೆಗೆದ. ಈ ಸಲ ನಾನು ಗಾದೆ ಎತ್ತಲಿಲ್ಲ. ‘ಕೊಡಸ್ತೀನಪಾ. ಆದ್ರ ಅದಕ್ಕಿಂತ ಮೊದಲ ಒಂದು ತಿಂಗಳು ಆ ಅಜ್ಜಾರ ಹತ್ತಿರ ಕೂಡು. ಮೌಸ್ ಮುಟ್ಟಬ್ಯಾಡ. ತೊಗಲು ಹೆಂಗ ನೋಡ್ತಾರ ಅನ್ನೋದನ್ನ ಕಲತು ಬಾ. ಆಮ್ಯಾಲ ಹುಲಿ ಇಲ್ಲದ ಫ್ಲೆಕ್ಸ್ ಮಾಡು’ ಎಂದೆ. ಮಾತು ನನಗೇ ಬಹಳ ರುಚಿಸಿತು. ಹುಡುಗ ಸ್ವಲ್ಪ ಹೊತ್ತು ಕಿಟಕಿಯ ಹೊರಗಿನ ಕಬ್ಬು ನೋಡಿದ.

‘ಕೂಡ್ತೀನಿ ಕಾಕಾ. ಆದ್ರ ಅವರು ತಮ್ಮ ಕೆಲಸಾ ಬಿಟ್ಟು ಒಂದು ತಿಂಗಳು ನನಗ ಕಲಸಬೇಕಲ್ಲ, ಅವರ ದಿನದ ಪಗಾರಾ ಯಾರ ಕೊಡೋರು?’

ಉತ್ತರಕ್ಕೆ ಗಾದೆ ಹುಡುಕಿದೆ, ಯಾವುದೂ ಬರಲಿಲ್ಲ. ಮರುದಿನ ಅಂಗಡಿಯ ಖಾತೆ ತೆರೆದು ಖರ್ಚಿನ ಬದಿಗೆ ಎರಡು ಬಾಬತ್ತು ಬರೆದೆ: ಕಂಪ್ಯೂಟರ್ ಒಂದು, ಕಲಿಸುವ ಅಜ್ಜಾರಿಗೆ ತಿಂಗಳ ಪಗಾರ.